ಕೈ ಎತ್ತಿದ ಹುಡುಗಿಗೆ ಉತ್ತರ ಕೊಡುವವರು ಯಾರು?

ಇವರಿಗೆ,
ಮಾನ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರು,
ಮಾನ್ಯ ಶಾಲಾ ಶಿಕ್ಷಣ ಸಚಿವರು,
ಕರ್ನಾಟಕ ಸರ್ಕಾರ, ಬೆಂಗಳೂರು.

ವಿಷಯ: ಗ್ರಾಮ ಪಂಚಾಯಿತಿ ಸದಸ್ಯರ ಜೊತೆಯಲ್ಲಿ ಪ್ರೌಢಶಾಲಾ ವಿದ್ಯಾರ್ಥಿಗಳು ವರ್ಷವಿಡೀ ಕಲಿಯುವ ವ್ಯವಸ್ಥೆ ಮಾಡುವ ಬಗ್ಗೆ.

ಮಾನ್ಯರೇ,

ಬಯಲುಸೀಮೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಮೂವತ್ತೊಂದು ವರ್ಷ ಸಮಾಜ ವಿಜ್ಞಾನ ಪಾಠ ಮಾಡಿ ನಿವೃತ್ತಳಾದವಳು ನಾನು. ತಮ್ಮಿಬ್ಬರಿಗೂ ಸೇರಿಸಿ ಒಂದೇ ಪತ್ರ ಬರೆಯುತ್ತಿರುವುದಕ್ಕೆ ಕಾರಣವಿದೆ. ನಾನು ಹೇಳಬೇಕಾದ ಸಂಗತಿ ಶಾಲೆಯ ಗೇಟಿಗೂ ಪಂಚಾಯಿತಿ ಕಚೇರಿಯ ಮೆಟ್ಟಿಲಿಗೂ ನಡುವೆ ಎಲ್ಲೋ ಬಿದ್ದುಹೋಗಿದೆ. ಶಾಲೆಯವರನ್ನು ಕೇಳಿದರೆ ಅದು ಪಂಚಾಯಿತಿಯ ಕಾರ್ಯಕ್ರಮ ಎನ್ನುತ್ತಾರೆ. ಪಂಚಾಯಿತಿಯವರನ್ನು ಕೇಳಿದರೆ ಮಕ್ಕಳ ವಿಚಾರ, ಮೇಷ್ಟ್ರುಗಳು ನೋಡಿಕೊಳ್ಳಬೇಕು ಎನ್ನುತ್ತಾರೆ.

2022ರ ಡಿಸೆಂಬರ್ ತಿಂಗಳಲ್ಲಿ ನಮ್ಮ ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮ ಸಭೆ, ಅಂದರೆ ಮಕ್ಕಳು ತಮ್ಮ ಬೇಡಿಕೆಗಳನ್ನು ಪಂಚಾಯಿತಿಯ ಮುಂದಿಡುವ ವರ್ಷಕ್ಕೊಮ್ಮೆಯ ಸಭೆ, ನಡೆಯಿತು. ಶಾಮಿಯಾನ ಹಾಕಿದ್ದರು. ನಮ್ಮ ಶಾಲೆಯ ಮಕ್ಕಳನ್ನು ಎರಡು ಸಾಲಿನಲ್ಲಿ ನಡೆಸಿಕೊಂಡು ಹೋಗಿ ಜಮಖಾನದ ಮೇಲೆ ಕೂರಿಸಿದೆವು. ಪ್ರಾರ್ಥನೆ, ಸ್ವಾಗತ, ದೀಪ ಬೆಳಗುವುದು, ಮಾಲಾರ್ಪಣೆ, ಅಧ್ಯಕ್ಷರ ಮಾತು, ಪಂಚಾಯಿತಿ ಅಭಿವೃದ್ಧಿ ಅಧಿಕಾರಿ (ಪಿಡಿಒ) ಅವರ ಮಾತು, ಬಂದ ಇಲಾಖೆಗಳ ಅಧಿಕಾರಿಗಳ ಮಾತು ಎಲ್ಲ ಮುಗಿಯುವಷ್ಟರಲ್ಲಿ ಒಂದೂವರೆ ಗಂಟೆಯಾಗಿತ್ತು. ಮಕ್ಕಳಿಗೆ ಉಳಿದದ್ದು ಇಪ್ಪತ್ತು ನಿಮಿಷ. ಮೊದಲು ಎದ್ದು ನಿಂತ ಮೂವರು ನಾವು ಬರೆದುಕೊಟ್ಟಿದ್ದ ಪ್ರಶ್ನೆಗಳನ್ನು ಓದಿದರು. ಹೌದು, ನಾವೇ ಬರೆದುಕೊಟ್ಟಿದ್ದೆವು. ಮುಜುಗರವಾಗುವಂಥದ್ದನ್ನು ಮಕ್ಕಳು ಕೇಳಿಬಿಟ್ಟರೆ ಎಂಬ ಭಯ ಶಾಲೆಗೂ ಇತ್ತು, ನನಗೂ ಇತ್ತು. ಆ ತಪ್ಪಿನಲ್ಲಿ ನನ್ನ ಪಾಲಿದೆ ಎಂದು ಮೊದಲೇ ಒಪ್ಪಿಕೊಳ್ಳುತ್ತೇನೆ.

ನಾಲ್ಕನೆಯವಳು ಎಂಟನೇ ತರಗತಿಯ ಹುಡುಗಿ. ಅವಳಿಗೆ ಯಾರೂ ಏನನ್ನೂ ಬರೆದುಕೊಟ್ಟಿರಲಿಲ್ಲ. ಕೈ ಎತ್ತಿ, ಎದ್ದು ನಿಂತು, ಲಂಗದ ಅಂಚು ಹಿಡಿದುಕೊಂಡು ಹೀಗೆ ಕೇಳಿದಳು: "ಸರ್, ಹತ್ತನೇ ತರಗತಿಯ ಅಕ್ಕಂದಿರಿಗೆ ವಿಶೇಷ ತರಗತಿ ಬಿಡುವಾಗ ಆರು ಗಂಟೆ ಆಗುತ್ತದೆ. ಕೆರೆ ಏರಿಯ ಮೇಲೆ ಒಂದೂ ದೀಪ ಇಲ್ಲ. ಮುಂದೆ ನಾವೂ ಹಾಗೆಯೇ ಬರಬೇಕು. ಅಲ್ಲಿ ದೀಪ ಯಾವಾಗ ಹಾಕಿಸುತ್ತೀರಿ?"

ಸಭೆ ಚಪ್ಪಾಳೆ ತಟ್ಟಿತು. ಅಧ್ಯಕ್ಷರು ನಕ್ಕು, "ಆಗಲಿ ಮಗಳೇ, ಖಂಡಿತ ಮಾಡಿಸೋಣ" ಎಂದರು. ನಡವಳಿ ಪುಸ್ತಕದಲ್ಲಿ ಬರೆದುಕೊಂಡರು. ಮಕ್ಕಳಿಗೆ ಬಿಸ್ಕತ್ತು ಪೊಟ್ಟಣ ಹಂಚಿದರು.

ಮರುವರ್ಷ ಅವಳು ಒಂಬತ್ತನೇ ತರಗತಿಯಲ್ಲಿದ್ದಳು. ಅದೇ ಶಾಮಿಯಾನ, ಅದೇ ಪ್ರಶ್ನೆ, ಅದೇ ಉತ್ತರ. ನಡವಳಿ ಪುಸ್ತಕದಲ್ಲಿ ಎರಡನೇ ಬಾರಿ "ಕ್ರಮ ವಹಿಸಲು ತೀರ್ಮಾನಿಸಲಾಯಿತು" ಎಂಬ ಸಾಲು ಸೇರಿತು. ಮೂರನೇ ವರ್ಷ ಅವಳು ಹತ್ತನೇ ತರಗತಿ. ಈಗ ಆ ಏರಿಯ ಮೇಲೆ ಕತ್ತಲಲ್ಲಿ ನಡೆದು ಬರುತ್ತಿದ್ದವಳು ಅವಳೇ. ಸಭೆಯಲ್ಲಿ ನಾನು ಅವಳ ಕಡೆಗೇ ನೋಡುತ್ತಿದ್ದೆ. ಅವಳು ಕೈ ಎತ್ತಲಿಲ್ಲ. ಪಕ್ಕದವಳು ಅವಳ ಮೊಣಕೈ ತಿವಿದು ಏನೋ ಹೇಳಿದಳು. ಅವಳು ತಲೆ ಅಲ್ಲಾಡಿಸಿ ನೆಲ ನೋಡುತ್ತಾ ಕುಳಿತಳು.

ನನ್ನ ಮೂವತ್ತೊಂದು ವರ್ಷದ ಪೌರನೀತಿ ಪಾಠ ಆ ಒಂದು ಕ್ಷಣದಲ್ಲಿ ಸೋತಿತು ಎಂದು ನನಗೆ ಅನಿಸಿತು. ಪ್ರಶ್ನೆ ಕೇಳಬೇಕು ಎಂದು ಹೇಳಿಕೊಟ್ಟವಳು ನಾನು. ಕೇಳಿ ಪ್ರಯೋಜನವಿಲ್ಲ ಎಂದು ಅವಳಿಗೆ ಕಲಿಸಿದ್ದು ನಾವೆಲ್ಲ ಸೇರಿ ನಡೆಸಿದ ಆ ಸಭೆ.

ಆಮೇಲೆ ನಾನೇ ಪಂಚಾಯಿತಿ ಕಚೇರಿಗೆ ಹೋಗಿ ವಿಚಾರಿಸಿದೆ. ಗುಮಾಸ್ತರು ಹೇಳಿದ್ದು ಇಷ್ಟು: ಕೆರೆ ಏರಿ ಸಣ್ಣ ನೀರಾವರಿ ಇಲಾಖೆಯದು, ಅಲ್ಲಿ ಕಂಬ ನೆಡಬೇಕಾದರೆ ಅವರ ಒಪ್ಪಿಗೆ ಬೇಕು, ಪತ್ರ ಬರೆದಿಲ್ಲ. ದುಡ್ಡಿನ ಅಡ್ಡಿಯೂ ಅಲ್ಲ, ದ್ವೇಷವೂ ಅಲ್ಲ. ಯಾರೂ ಒಂದು ಪತ್ರ ಬರೆದಿರಲಿಲ್ಲ. ಇದನ್ನು ಆ ಹುಡುಗಿಗೆ ಮೊದಲ ವರ್ಷವೇ ಹೇಳಲು ಎರಡು ನಿಮಿಷ ಸಾಕಾಗಿತ್ತು. ಹೇಳಿದ್ದರೆ ಆ ಪತ್ರವನ್ನು ಅವಳೇ ಬರೆದು ತರುತ್ತಿದ್ದಳು. ನನ್ನ ತರಗತಿಯಲ್ಲಿ ಪತ್ರಲೇಖನಕ್ಕೆ ಅವಳಿಗಿಂತ ಚೆನ್ನಾಗಿ ಬರೆಯುವವರು ಇರಲಿಲ್ಲ.

ಮಾನ್ಯರೇ, ಇದು ಒಂದು ಪಂಚಾಯಿತಿಯ ಮೇಲಿನ ದೂರು ಎಂದು ದಯವಿಟ್ಟು ಭಾವಿಸಬೇಡಿ. ಆ ಅಧ್ಯಕ್ಷರು ಕೆಟ್ಟವರಲ್ಲ, ಆ ಪಿಡಿಒ ಸೋಮಾರಿಯಲ್ಲ. ವರ್ಷಕ್ಕೊಂದು ದಿನ ಮಕ್ಕಳನ್ನು ಎದುರಿಗೆ ಕೂರಿಸಿ ಮಾತಾಡಿಸಿ ಕಳುಹಿಸುವ ಪದ್ಧತಿಯಲ್ಲೇ ದೋಷವಿದೆ. ಮುನ್ನೂರ ಅರವತ್ತನಾಲ್ಕು ದಿನ ಆ ಮಕ್ಕಳಿಗೂ ಅವರ ವಾರ್ಡಿನ ಸದಸ್ಯರಿಗೂ ಯಾವ ಸಂಬಂಧವೂ ಇರುವುದಿಲ್ಲ.

ಇನ್ನೊಂದು ಕಥೆ ಹೇಳುತ್ತೇನೆ. ಇದು ಪಕ್ಕದ ಪಂಚಾಯಿತಿಯದು. ನಮ್ಮ ಪ್ರೌಢಶಾಲೆಗೆ ಮೂರು ಪಂಚಾಯಿತಿಗಳ ಮಕ್ಕಳು ಬರುತ್ತಿದ್ದರು, ಹಾಗಾಗಿ ನನಗೆ ಗೊತ್ತಾಯಿತು.

ಅಲ್ಲಿ ಒಬ್ಬ ಸದಸ್ಯೆ ಇದ್ದರು. 2020ರ ಡಿಸೆಂಬರ್‌ನಲ್ಲಿ ನಡೆದ ಚುನಾವಣೆಯಲ್ಲಿ ಮೀಸಲು ಕ್ಷೇತ್ರದಿಂದ ಗೆದ್ದವರು, ಏಳನೇ ತರಗತಿ ಓದಿದವರು. ಮೊದಲ ಎರಡು ವರ್ಷ ಸಭೆಗಳಲ್ಲಿ ಅವರ ಪರವಾಗಿ ಮಾತಾಡುತ್ತಿದ್ದವರು ಅವರ ಯಜಮಾನರು. ಅವರ ಕೇರಿಯ ಶುದ್ಧ ಕುಡಿಯುವ ನೀರಿನ ಘಟಕ ಕೆಟ್ಟು ನಿಂತಿತ್ತು. ಅದರ ಬಗ್ಗೆ ಬಂದ ಸುತ್ತೋಲೆಯೊಂದನ್ನು ಓದಿ ಅರ್ಥ ಹೇಳು ಎಂದು ಅವರು ಪಕ್ಕದ ಮನೆಯ ಹುಡುಗಿಯನ್ನು ಕರೆದರು. ಅವಳು ನನ್ನ ವಿದ್ಯಾರ್ಥಿನಿ, ಒಂಬತ್ತನೇ ತರಗತಿ. ಅವಳು ಗೆಳತಿಯೊಬ್ಬಳನ್ನೂ ಕರೆದುಕೊಂಡು ಹೋದಳು. ಯಾವ ಆದೇಶವೂ ಇಲ್ಲದೆ, ಯಾವ ಯೋಜನೆಯ ಹೆಸರೂ ಇಲ್ಲದೆ ಅದು ಶುರುವಾಯಿತು.

ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ಇಬ್ಬರೂ ಪಂಚಾಯಿತಿಯ ಗ್ರಂಥಾಲಯದಲ್ಲಿ ಆ ಸದಸ್ಯೆಯ ಜೊತೆ ಕೂರುತ್ತಿದ್ದರು. ಘಟಕದ ನಿರ್ವಹಣೆಯ ಗುತ್ತಿಗೆ ಮುಗಿದುಹೋಗಿದೆ, ಆದರೆ ಘಟಕವನ್ನು ಪಂಚಾಯಿತಿಗೆ ಹಸ್ತಾಂತರ ಮಾಡಿಲ್ಲ, ಆದ್ದರಿಂದ ರಿಪೇರಿಯ ಖರ್ಚನ್ನು ಯಾರೂ ಹಾಕುತ್ತಿಲ್ಲ ಎಂಬುದನ್ನು ಅವರು ಕಾಗದಗಳಿಂದ ಬಿಡಿಸಿ ತೆಗೆದರು. ದಸರಾ ರಜೆಯಲ್ಲಿ ಒಂದು ದಿನ ಸದಸ್ಯೆ ಆ ಇಬ್ಬರನ್ನೂ ಒಬ್ಬಳ ತಾಯಿಯನ್ನೂ ಕರೆದುಕೊಂಡು ಬಸ್ಸಿನಲ್ಲಿ ತಾಲ್ಲೂಕು ಕೇಂದ್ರಕ್ಕೆ ಹೋದರು. ಎಂಜಿನಿಯರ್ ಇರಲಿಲ್ಲ. ಮತ್ತೊಂದು ದಿನ ಹೋದರು. ಇದ್ದರು, ಆದರೆ ಸಭೆಯಲ್ಲಿದ್ದರು. ಕಾದರು. ಅರ್ಜಿ ಕೊಟ್ಟರು.

ಬಂದ ಮೇಲೆ ಆ ಹುಡುಗಿ ನನಗೆ ಹೇಳಿದ ಮಾತು ಇದು: "ಮಿಸ್, ಅರ್ಜಿಯ ನಮ್ಮ ಪ್ರತಿಯ ಮೇಲೆ ಸ್ವೀಕೃತಿ ಮೊಹರು ಹಾಕಿಸಿಕೊಳ್ಳದೆ ಕಚೇರಿಯಿಂದ ಹೊರಗೆ ಬರಬಾರದಂತೆ. ಮೊಹರು ಇಲ್ಲದಿದ್ದರೆ ಕೊಟ್ಟೇ ಇಲ್ಲ ಅಂತ ಲೆಕ್ಕವಂತೆ. ಅಕ್ಕ ಹೇಳಿಕೊಟ್ಟರು."

ನಾನು ಮೂವತ್ತು ವರ್ಷದಲ್ಲಿ ಒಂದು ದಿನವೂ ಇದನ್ನು ಹೇಳಿಕೊಟ್ಟಿರಲಿಲ್ಲ. ನನಗೆ ಹೊಳೆದಿರಲೂ ಇಲ್ಲ. ಸಂವಿಧಾನದ 73ನೇ ತಿದ್ದುಪಡಿ, 1993ರ ಪಂಚಾಯತ್ ರಾಜ್ ಕಾಯ್ದೆ, 11ನೇ ಅನುಸೂಚಿಯ 29 ವಿಷಯಗಳು ಎಲ್ಲವನ್ನೂ ಹೇಳಿದ್ದೆ. ನೂರಕ್ಕೆ ತೊಂಬತ್ತು ಅಂಕ ತೆಗೆದ ಮಕ್ಕಳಿದ್ದಾರೆ. ಏಳನೇ ತರಗತಿ ಓದಿದ ಆ ಹೆಣ್ಣುಮಗಳು ಅಲೆದಾಡಿ ತಾನು ಕಲಿತದ್ದನ್ನು ಆ ಹುಡುಗಿಯ ಕೈಗಿಟ್ಟರು. ಹುಡುಗಿ ತನಗಿದ್ದ ಅಕ್ಷರವನ್ನು ಅವರ ಕೈಗಿಟ್ಟಳು. ಘಟಕ ರಿಪೇರಿಯಾಗಲು ಎಂಟು ತಿಂಗಳು ಹಿಡಿಯಿತು. ಆ ಎಂಟು ತಿಂಗಳೂ ತಡ ಯಾಕೆ ಆಗುತ್ತಿದೆ ಎಂಬುದು ಆ ಮಕ್ಕಳಿಗೆ ಗೊತ್ತಿತ್ತು. ಕೇರಿಯಲ್ಲಿ ಯಾರಾದರೂ ಬೈದರೆ ಕಾಗದ ಯಾವ ಮೇಜಿನ ಮೇಲಿದೆ ಎಂದು ಅವರೇ ವಿವರಿಸುತ್ತಿದ್ದರು. ಇನ್ನೊಂದು ಬದಲಾವಣೆಯನ್ನೂ ಹೇಳಬೇಕು. ಆ ವರ್ಷದ ಕೊನೆಯ ಹೊತ್ತಿಗೆ ಸಭೆಯಲ್ಲಿ ಸದಸ್ಯೆಯ ಕುರ್ಚಿಯಲ್ಲಿ ಸದಸ್ಯೆಯೇ ಕುಳಿತಿದ್ದರು. ವಿಷಯವನ್ನು ಓದಿಸಿಕೊಂಡು, ತಿಳಿದುಕೊಂಡು ಹೋಗುತ್ತಿದ್ದುದರಿಂದ ಅವರ ಪರವಾಗಿ ಯಾರೂ ಮಾತಾಡಬೇಕಾಗಿರಲಿಲ್ಲ. ಮಾರ್ಗದರ್ಶನ ಎಂದಾಗ ದೊಡ್ಡವರು ಚಿಕ್ಕವರಿಗೆ ಕೊಡುವುದು ಎಂದಷ್ಟೇ ನಾವು ತಿಳಿದಿದ್ದೇವೆ. ಅಲ್ಲಿ ಅದು ಎರಡೂ ಕಡೆಯಿಂದ ನಡೆಯಿತು.

ಇದು ನಮ್ಮ ನಾಡಿಗೆ ಹೊಸದಲ್ಲ ಎಂಬುದನ್ನು ತಮ್ಮ ಗಮನಕ್ಕೆ ತರಬಯಸುತ್ತೇನೆ. 1990ರ ದಶಕದಲ್ಲಿ, ಇನ್ನೂ ಉಡುಪಿ ಜಿಲ್ಲೆ ಆಗುವ ಮೊದಲೇ, ಕುಂದಾಪುರ ತಾಲ್ಲೂಕಿನ ಹಳ್ಳಿಗಳಲ್ಲಿ ದುಡಿಯುವ ಮಕ್ಕಳ ಭೀಮ ಸಂಘದವರು ಮಕ್ಕಳ ಪಂಚಾಯಿತಿಗಳನ್ನು ಕಟ್ಟಿಕೊಂಡಿದ್ದರು. ತಮ್ಮ ಊರಿನ ಮಾಹಿತಿಯನ್ನು ತಾವೇ ಕಲೆಹಾಕಿ ಮಳೆಗಾಲದಲ್ಲಿ ಹಳ್ಳ ದಾಟಲು ಕಾಲುಸಂಕ ಬೇಕು ಎಂಬಂಥ ಬೇಡಿಕೆಗಳನ್ನು ಹಿರಿಯರ ಪಂಚಾಯಿತಿಯ ಮುಂದಿಟ್ಟರು. ಅಲ್ಲಿ 'ಮಕ್ಕಳ ಮಿತ್ರ' ಎಂಬ ಒಂದು ಏರ್ಪಾಡಿತ್ತು. ಮಕ್ಕಳೇ ಆರಿಸಿಕೊಂಡ ದೊಡ್ಡವರೊಬ್ಬರು ಅವರ ಬೆನ್ನಿಗೆ ನಿಲ್ಲುತ್ತಿದ್ದರು. ಇಂದು ರಾಜ್ಯದಾದ್ಯಂತ ನಡೆಯುವ ಮಕ್ಕಳ ಗ್ರಾಮ ಸಭೆಗೆ ಇಂಥ ಪ್ರಯೋಗಗಳೇ ದಾರಿ ತೋರಿಸಿದವು. ಸಭೆಯನ್ನು ನಾವು ತೆಗೆದುಕೊಂಡೆವು, ಮಿತ್ರನನ್ನು ಕುಂದಾಪುರದಲ್ಲೇ ಬಿಟ್ಟು ಬಂದೆವು.

ಪಠ್ಯಪುಸ್ತಕದ ಪಾಠದ ಬಗ್ಗೆಯೂ ಒಂದು ಸಂಕಟವನ್ನು ಹೇಳಿಕೊಳ್ಳುತ್ತೇನೆ. ನಮ್ಮದು ಮೂರು ಹಂತದ ಪಂಚಾಯತ್ ವ್ಯವಸ್ಥೆ ಎಂದು ನಾನು ಕಪ್ಪು ಹಲಗೆಯ ಮೇಲೆ ಮೂರು ಪೆಟ್ಟಿಗೆ ಬರೆಯುತ್ತಿದ್ದೆ. 2021ರಲ್ಲಿ ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಅವಧಿ ಮುಗಿಯಿತು, ಆಮೇಲೆ ವರ್ಷಗಟ್ಟಲೆ ಚುನಾವಣೆ ನಡೆಯಲಿಲ್ಲ. "ನಮ್ಮ ಜಿಲ್ಲಾ ಪಂಚಾಯಿತಿ ಸದಸ್ಯರು ಯಾರು ಮಿಸ್?" ಎಂದು ಕೇಳಿದ ಮಗುವಿಗೆ ನಾನು ಏನು ಹೇಳಬೇಕಿತ್ತು? ಬೆಂಗಳೂರಿನಲ್ಲಿ 2020ರ ಸೆಪ್ಟೆಂಬರ್‌ನಲ್ಲಿ ಪಾಲಿಕೆಯ ಅವಧಿ ಮುಗಿದಾಗ ಎಂಟನೇ ತರಗತಿಯಲ್ಲಿದ್ದ ಮಗು ತನ್ನ ವಾರ್ಡಿನ ಸದಸ್ಯರು ಯಾರೆಂದು ಕಾಣದೆಯೇ ಎಸ್‌ಎಸ್‌ಎಲ್‌ಸಿ ಮುಗಿಸಿತು. ಚುನಾವಣೆ ನಡೆಸುವುದು ಈ ಪತ್ರದ ವಿಷಯವಲ್ಲ. ಆದರೆ ಮಕ್ಕಳಿಗೆ ಕಾಣುವ, ಮುಟ್ಟುವ, ಊರಿನಲ್ಲೇ ಸಿಗುವ ಜನಪ್ರತಿನಿಧಿ ಎಂದರೆ ಗ್ರಾಮ ಪಂಚಾಯಿತಿ ಸದಸ್ಯರು ಮಾತ್ರ ಎಂಬುದು ಇದರಿಂದ ತಿಳಿಯುತ್ತದೆ.

ಆ ಸದಸ್ಯರ ಸಂಖ್ಯೆಯೇನೂ ಕಡಿಮೆ ಇಲ್ಲ. ಸುಮಾರು 400 ಜನಸಂಖ್ಯೆಗೆ ಒಬ್ಬರಂತೆ ರಾಜ್ಯದಲ್ಲಿ 90,000ಕ್ಕೂ ಹೆಚ್ಚು ಸ್ಥಾನಗಳಿವೆ, ಅದರಲ್ಲಿ ಅರ್ಧದಷ್ಟು ಮಹಿಳೆಯರಿಗೆ ಮೀಸಲು. ಆ 400 ಜನರಲ್ಲಿ ಪ್ರೌಢಶಾಲೆಗೆ ಹೋಗುವ ಇಬ್ಬರು ಮಕ್ಕಳು ಸಿಗುವುದಿಲ್ಲವೇ? ನಾನು ಕೇಳುತ್ತಿರುವುದು ಅಷ್ಟೇ. ಪ್ರತಿ ಸದಸ್ಯರ ಜೊತೆಗೆ ಎಂಟು ಮತ್ತು ಒಂಬತ್ತನೇ ತರಗತಿಯ ಇಬ್ಬರು ವಿದ್ಯಾರ್ಥಿಗಳು, ಜೂನ್‌ನಿಂದ ಮಾರ್ಚ್‌ವರೆಗೆ. ಹತ್ತನೇ ತರಗತಿಯವರು ಬೇಡ, ಅವರ ಹೆಗಲ ಮೇಲಿನ ಭಾರ ನನಗೆ ಗೊತ್ತು.

ಆ ಇಬ್ಬರು ಏನು ಮಾಡಬೇಕು ಎಂಬುದಕ್ಕೆ ಪಂಚಾಯಿತಿಯ ವರ್ಷವೇ ಉತ್ತರ ಕೊಡುತ್ತದೆ. ಆಗಸ್ಟ್, ಸೆಪ್ಟೆಂಬರ್ ಹೊತ್ತಿಗೆ ಜಮಾಬಂದಿ ನಡೆಯುತ್ತದೆ. ಹೋದ ವರ್ಷ ಊರಿನಲ್ಲಿ ಏನು ಕೆಲಸವಾಯಿತು, ಎಷ್ಟು ಖರ್ಚಾಯಿತು ಎಂದು ಜನರ ಮುಂದೆ ತೋರಿಸುವ ದಿನ ಅದು. ಚರಂಡಿ ಎಷ್ಟು ಉದ್ದ ಎಂದು ಪುಸ್ತಕದಲ್ಲಿದೆಯೋ ಅಷ್ಟೇ ಉದ್ದ ನೆಲದ ಮೇಲಿದೆಯೇ ಎಂದು ಟೇಪು ಹಿಡಿದು ಅಳೆಯಲು ಎಂಟನೇ ತರಗತಿಯ ಗಣಿತ ಸಾಕು. ಅಕ್ಟೋಬರ್ 2ರಿಂದ ಮುಂದಿನ ವರ್ಷದ ಕ್ರಿಯಾಯೋಜನೆಯ ಕೆಲಸ ಶುರುವಾಗುತ್ತದೆ. ವಾರ್ಡ್ ಸಭೆಯಲ್ಲಿ ಯಾರು ಏನು ಕೇಳಿದರು, ಯಾವುದು ಪಟ್ಟಿಗೆ ಸೇರಿತು, ಯಾವುದು ಬಿಟ್ಟುಹೋಯಿತು ಎಂದು ಅವರು ಕುಳಿತು ನೋಡಲಿ. 15ನೇ ಹಣಕಾಸು ಆಯೋಗದ ಅನುದಾನದಲ್ಲಿ ಶೇಕಡ 60ರಷ್ಟು ಪಾಲು ನೀರು, ನೈರ್ಮಲ್ಯಕ್ಕೆ ಮೀಸಲಾಗಿತ್ತು ಎಂಬುದನ್ನು ತರಗತಿಯಲ್ಲಿ ಹೇಳಿದರೆ ಮಕ್ಕಳು ಆಕಳಿಸುತ್ತಾರೆ. ತಮ್ಮ ಬೀದಿಯ ದೀಪಕ್ಕೆ ದುಡ್ಡು ಉಳಿದ ಶೇಕಡ 40ರಲ್ಲಿ ಅಥವಾ ಪಂಚಾಯಿತಿಯ ಸ್ವಂತ ತೆರಿಗೆಯಲ್ಲಿ ಬರಬೇಕು, ಮನೆಗಂದಾಯ ಬಾಕಿ ಇಟ್ಟವರಲ್ಲಿ ತಮ್ಮ ಅಪ್ಪನೂ ಒಬ್ಬರು ಎಂದು ಗೊತ್ತಾದಾಗ ಅದೇ ಮಕ್ಕಳು ಮನೆಗೆ ಹೋಗಿ ಅಪ್ಪನನ್ನು ಕೇಳುತ್ತಾರೆ.

ಇಲ್ಲಿ ಇನ್ನೊಂದು ಲೋಪವನ್ನು ಹೇಳಬೇಕು. ನಮ್ಮ ಪಂಚಾಯಿತಿಯಲ್ಲಿ ಮಕ್ಕಳ ಗ್ರಾಮ ಸಭೆ ನಡೆಯುವ ಹೊತ್ತಿಗೆ ಮುಂದಿನ ವರ್ಷದ ಕಾಮಗಾರಿಗಳ ಪಟ್ಟಿ ಬಹುಪಾಲು ಸಿದ್ಧವಾಗಿರುತ್ತಿತ್ತು. ಮಕ್ಕಳ ಬೇಡಿಕೆಗೆ ಆ ಪಟ್ಟಿಯಲ್ಲಿ ಜಾಗ ಉಳಿದಿರುತ್ತಿರಲಿಲ್ಲ. ಆದ್ದರಿಂದ ಮಕ್ಕಳ ಗ್ರಾಮ ಸಭೆಯನ್ನು ಪಟ್ಟಿ ಅಂತಿಮವಾಗುವ ಮೊದಲೇ ನಡೆಸಬೇಕು ಎಂದು ಗ್ರಾಮೀಣಾಭಿವೃದ್ಧಿ ಸಚಿವರಲ್ಲಿ ವಿಶೇಷವಾಗಿ ಕೋರುತ್ತೇನೆ. ಸಭೆಯಲ್ಲಿ ಮಗು ಕೇಳಿದ ಪ್ರತಿ ಪ್ರಶ್ನೆಗೂ ಮೂವತ್ತು ದಿನದೊಳಗೆ, ಆ ಮಗುವಿನ ಹೆಸರಿಗೆ, ಲಿಖಿತ ಉತ್ತರ ಶಾಲೆಗೆ ಬರಬೇಕು. ಆಗುವುದಿಲ್ಲ ಎಂದಾದರೂ ಸರಿ, ಯಾಕೆ ಆಗುವುದಿಲ್ಲ ಎಂದು ಬರೆದಿರಬೇಕು. ಹೊಸದಾಗಿ ಆರಿಸಿ ಬರುವ ಸದಸ್ಯರಿಗೆ ತರಬೇತಿಯ ಹೊಣೆ ಹೊತ್ತಿರುವುದು ಮೈಸೂರಿನ ಅಬ್ದುಲ್ ನಜೀರ್ ಸಾಬ್ ಹೆಸರಿನ ಸಂಸ್ಥೆ. 1987ರಲ್ಲಿ ಈ ರಾಜ್ಯದ ಹಳ್ಳಿಗಳ ಕೈಗೆ ಅಧಿಕಾರ ಕೊಟ್ಟು, ಹೆಣ್ಣುಮಕ್ಕಳಿಗೆ ಶೇಕಡ 25ರಷ್ಟು ಮೀಸಲು ಸ್ಥಾನ ಕಾಯ್ದಿರಿಸಿದ ಕಾಲದ ಸಚಿವರು ಅವರು. ಅವರ ಹೆಸರಿನ ಸಂಸ್ಥೆಯ ತರಬೇತಿಯಲ್ಲಿ ಮಕ್ಕಳ ಜೊತೆ ಕೂತು ಕೆಲಸ ಮಾಡುವುದು ಹೇಗೆ ಎಂಬುದಕ್ಕೆ ಒಂದು ದಿನ ಸಿಗಲಿ.

ಶಾಲಾ ಶಿಕ್ಷಣ ಸಚಿವರಲ್ಲಿ ನನ್ನ ಕೋರಿಕೆ ಬೇರೆ. ಶಾಲಾ ಸಂಸತ್ತಿನಲ್ಲಿ ಮಕ್ಕಳು ಮತ ಹಾಕುತ್ತಾರೆ, ಆರೋಗ್ಯ ಮಂತ್ರಿಯಾದವರು ವರ್ಷಪೂರ್ತಿ ಉಗುರು ಪರೀಕ್ಷೆ ಮಾಡುತ್ತಾರೆ. ನಿಜವಾದ ಆಡಳಿತ ಅವರಿಗೆ ಅಲ್ಲಿ ಕಾಣುವುದಿಲ್ಲ. ಆದ್ದರಿಂದ ಪಂಚಾಯಿತಿಯಲ್ಲಿ ಮಕ್ಕಳು ಕಳೆಯುವ ದಿನಗಳನ್ನು ಸಮಾಜ ವಿಜ್ಞಾನದ ಯೋಜನಾ ಕಾರ್ಯವಾಗಿ ಪರಿಗಣಿಸಿ. ಶಿಕ್ಷಕರಿಗೆ ಇನ್ನೊಂದು ನಮೂನೆ, ಇನ್ನೊಂದು ಆ್ಯಪ್, ಇನ್ನೊಂದು ಫೋಟೊ ಅಪ್‌ಲೋಡ್ ಹೇರಬೇಡಿ. ಅದನ್ನು ಹೇರಿದ ದಿನವೇ ಈ ಕೆಲಸ ಸಾಯುತ್ತದೆ ಎಂದು ಅನುಭವದಿಂದ ಹೇಳುತ್ತಿದ್ದೇನೆ. ಮಕ್ಕಳನ್ನು ಆರಿಸುವಾಗ ಪ್ರತಿ ಸಲ ಮುಂದಿನ ಬೆಂಚಿನ ಅದೇ ನಾಲ್ವರನ್ನು ಕಳುಹಿಸಬಾರದು. ಊರ ಹೊರಗಿನ ಕೇರಿಯ ಮಗು, ತಾಂಡಾದ ಮಗು, ಗುಳೆ ಹೋದವರ ಮನೆಯಲ್ಲಿ ಅಜ್ಜಿಯ ಜೊತೆ ಉಳಿದ ಮಗು ಹೋಗಲಿ. ಊರಿನ ನಿಜವಾದ ಪ್ರಶ್ನೆಗಳು ಅವರ ಹತ್ತಿರ ಇವೆ.

ಮಕ್ಕಳ ರಕ್ಷಣೆಯ ಬಗ್ಗೆ ಪೋಷಕರಿಗೆ ಆತಂಕವಿರುವುದು ಸಹಜ, ನನಗೂ ಇದೆ. ಪೋಷಕರ ಲಿಖಿತ ಒಪ್ಪಿಗೆ ಇರಲೇಬೇಕು. ಭೇಟಿ ಪಂಚಾಯಿತಿ ಕಚೇರಿಯಲ್ಲೋ ಗ್ರಂಥಾಲಯದಲ್ಲೋ ಶಾಲೆಯಲ್ಲೋ ಮಾತ್ರ ನಡೆಯಬೇಕು, ಇಬ್ಬರು ಮಕ್ಕಳೂ ಒಟ್ಟಿಗೇ ಇರಬೇಕು, ಊರಾಚೆ ಹೋಗುವುದಾದರೆ ತಾಯಿಯೋ ತಂದೆಯೋ ಶಿಕ್ಷಕರೋ ಜೊತೆಗಿರಬೇಕು. ಮಕ್ಕಳ ಸಹಾಯವಾಣಿ 1098ರ ಬಗ್ಗೆ ಮೊದಲ ದಿನವೇ ಅವರಿಗೆ ತಿಳಿಸಬೇಕು. ಮಕ್ಕಳನ್ನು ಪ್ರಚಾರಕ್ಕೆ ಬಳಸಬಾರದು ಎಂದು ಚುನಾವಣಾ ಆಯೋಗವೇ 2024ರಲ್ಲಿ ಪಕ್ಷಗಳಿಗೆ ಕಟ್ಟುನಿಟ್ಟಾಗಿ ಹೇಳಿದೆ. ಸದಸ್ಯರು ಯಾವ ಪಕ್ಷದವರ ಪರವೇ ಇರಲಿ, ಈ ಮಕ್ಕಳ ಕೈಗೆ ಬಾವುಟ ಬರಕೂಡದು. ಶಾಸಕರು ಬಂದಾಗ ಹೂವು ಹಿಡಿದು ಬಿಸಿಲಲ್ಲಿ ನಿಲ್ಲಿಸುವುದಕ್ಕೂ ಇವರನ್ನು ಕರೆಯಕೂಡದು.

ಇದಕ್ಕೆ ದೊಡ್ಡ ಅನುದಾನ ಬೇಕಿಲ್ಲ. ಪಂಚಾಯಿತಿ ಗ್ರಂಥಾಲಯಗಳಿವೆ, ಅಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಡುವ ಕೆಲಸವನ್ನು 'ಓದುವ ಬೆಳಕು' ಕಾರ್ಯಕ್ರಮದಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಯೇ ಮಾಡಿತು. ಹೆಣ್ಣುಮಕ್ಕಳು ಸರ್ಕಾರಿ ಬಸ್ಸಿನಲ್ಲಿ ಟಿಕೆಟ್‌ಗೆ ದುಡ್ಡು ಕೊಡಬೇಕಿಲ್ಲ, ಗಂಡುಮಕ್ಕಳಿಗೆ ಪಾಸ್ ಇದೆ. ಬೇಕಾಗಿರುವುದು ತಮ್ಮಿಬ್ಬರ ಸಹಿ ಇರುವ ಒಂದು ಜಂಟಿ ಆದೇಶ. ಮೊದಲ ವರ್ಷ ಪ್ರತಿ ಜಿಲ್ಲೆಯ ಒಂದು ತಾಲ್ಲೂಕಿನಲ್ಲಿ ಮಾಡಿ ನೋಡಿ. ನಿವೃತ್ತ ಶಿಕ್ಷಕರಲ್ಲಿ ನನ್ನಂಥವರು ಸಂಬಳವಿಲ್ಲದೆ ಬಂದು ಕೂರುತ್ತೇವೆ. ನಮ್ಮ ತಾಲ್ಲೂಕಿನಲ್ಲಿ ಹನ್ನೊಂದು ಜನ ಈಗಾಗಲೇ ಒಪ್ಪಿದ್ದಾರೆ, ಹೆಸರಿನ ಪಟ್ಟಿಯನ್ನು ತಮ್ಮ ಕಚೇರಿಗೆ ಕಳುಹಿಸುವ ಪತ್ರದ ಜೊತೆ ಇಟ್ಟಿದ್ದೇನೆ.

ಕೊನೆಯದಾಗಿ ಆ ಮೊದಲ ಹುಡುಗಿಯ ವಿಷಯ. ಅವಳು ಎಸ್‌ಎಸ್‌ಎಲ್‌ಸಿ ಪಾಸಾಗಿ ಈಗ ತಾಲ್ಲೂಕು ಕೇಂದ್ರದಲ್ಲಿ ಪಿಯುಸಿ ಓದುತ್ತಿದ್ದಾಳೆ. ಸಂಜೆಯ ಬಸ್ಸಿಳಿದು ಅದೇ ಏರಿಯ ಮೇಲೆ ಮನೆಗೆ ಹೋಗುತ್ತಾಳೆ. ಅವಳ ತಂಗಿ ನಮ್ಮ ಶಾಲೆಗೆ ಸೇರಿದ್ದಾಳೆ. ಪಂಚಾಯಿತಿಯ ನಡವಳಿ ಪುಸ್ತಕದಲ್ಲಿ 2022ರ ಮತ್ತು 2023ರ ಪುಟಗಳಲ್ಲಿ ಅವಳ ಪ್ರಶ್ನೆ ಇನ್ನೂ ಇದೆ, ಯಾರಾದರೂ ಹೋಗಿ ನೋಡಬಹುದು. ತಮ್ಮ ಆದೇಶ ಬರಲು ಸಮಯ ಹಿಡಿಯುತ್ತದೆ ಎಂದು ನನಗೆ ಗೊತ್ತು. ಅಷ್ಟರೊಳಗೆ ಸಣ್ಣ ನೀರಾವರಿ ಇಲಾಖೆಗೆ ಹೋಗಬೇಕಾದ ಆ ಒಂದು ಪತ್ರವನ್ನು ಬರೆಸಿ, ಅದರ ಪ್ರತಿಯನ್ನು ಅವಳ ಹೆಸರಿಗೆ ಶಾಲೆಯ ವಿಳಾಸಕ್ಕೆ ಕಳುಹಿಸಿಕೊಡಿ. ನಾನೇ ಹೋಗಿ ಅವಳ ಕೈಗೆ ಕೊಟ್ಟು ಬರುತ್ತೇನೆ.

ಗೌರವಪೂರ್ವಕ ವಂದನೆಗಳೊಂದಿಗೆ,

ತಮ್ಮ ವಿಶ್ವಾಸಿ,
ನಿವೃತ್ತ ಸಮಾಜ ವಿಜ್ಞಾನ ಶಿಕ್ಷಕಿ